ಮರಳಿ ಹೋದ ಹೆಜ್ಜೆಗಳು

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಒಂದು ಕಾಲದಲ್ಲಿ ಹೊಲಗಳಿದ್ದವು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಎರಡೂ ಊರುಗಳು ಬೆಳೆದು ಒಂದಾದವು. ಸುತ್ತಲಿನ ಹಳ್ಳಿಗಳೆಲ್ಲ ಬಡಾವಣೆಗಳಾದವು. ಜನ ಮೂರು ಪಟ್ಟಾದರು, ವಾಹನಗಳು ಅದಕ್ಕೂ ಹೆಚ್ಚಾದವು. ಬೆಳಗಿನ ಹೊತ್ತು ಉಣಕಲ್ ಕೆರೆಯ ಈ ದಂಡೆಯಿಂದ ಆ ದಂಡೆ ಕಾಣದಷ್ಟು ಹೊಗೆ ಕವಿಯತೊಡಗಿದಾಗ ಊರಿಗೆ ಬಂದದ್ದು ಕೊಂಡಿಗಾಡಿ.

ಕೊಂಡಿಗಾಡಿ ಎಂದರೆ ಹತ್ತು ಹನ್ನೆರಡು ಜನ ಕೂರುವ, ಚಾಲಕನಿಲ್ಲದ ವಿದ್ಯುತ್ ಡಬ್ಬಿ. ದೊಡ್ಡ ರಸ್ತೆಯಲ್ಲಿ ಇಂಥ ಹಲವು ಡಬ್ಬಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ರೈಲಿನಂತೆ ಓಡುತ್ತವೆ. ಮುಂದಿನದು ಗಾಳಿ ಸೀಳಿಕೊಂಡು ಹೋದರೆ ಹಿಂದಿನವಕ್ಕೆ ದಾರಿ ಹಗುರ. ಅಷ್ಟರಮಟ್ಟಿಗೆ ವಿದ್ಯುತ್ತೂ ಉಳಿಯುತ್ತದೆ. ತನ್ನ ತಿರುವು ಬಂದಾಗ ಕೊನೆಯ ಡಬ್ಬಿ ಕೊಂಡಿ ಕಳಚಿಕೊಂಡು ಗಲ್ಲಿಯೊಳಗೆ ನುಗ್ಗುತ್ತದೆ. ಇದಕ್ಕೆ ಗೊತ್ತಾದ ಮಾರ್ಗವಿಲ್ಲ, ವೇಳಾಪಟ್ಟಿಯಿಲ್ಲ. ನಿಲ್ದಾಣದ ಗುಂಡಿ ಒತ್ತಿ ಎಲ್ಲಿಗೆ ಹೋಗಬೇಕೆಂದು ಹೇಳಿದರೆ ಸಾಕು. ಯಾವ ಡಬ್ಬಿ ಯಾರನ್ನು ಹತ್ತಿಸಿಕೊಂಡು ಯಾವುದರ ಜೊತೆ ಸೇರಬೇಕು ಎಂಬುದನ್ನೆಲ್ಲ ನವನಗರದ ನಿಯಂತ್ರಣ ಕೊಠಡಿಯ ಮಹಾಗಣಕ ನಿರ್ಧರಿಸುತ್ತದೆ. ಅದಕ್ಕೆ ಸರಕಾರ ಇಟ್ಟ ಹೆಸರು ಉದ್ದವಾಗಿತ್ತು. ಅಲ್ಲಿ ಕೆಲಸ ಮಾಡುವವರು ಅದನ್ನು ‘ದೊಡ್ಡಾಕಿ’ ಎಂದು ಕರೆಯುತ್ತಿದ್ದರು.

ಪ್ರಣವ ಹೆಬಸೂರ ಈ ವ್ಯವಸ್ಥೆಯ ಯೋಜಕರಲ್ಲಿ ಒಬ್ಬ. ನಿಲ್ದಾಣಗಳ ಕಂಬದ ಮೇಲಿನ ದೀಪ ಅವನದೇ ಕಲ್ಪನೆ. ಬರುವ ಡಬ್ಬಿಯಲ್ಲಿ ಜನ ತುಂಬಿದ್ದರೆ ದೀಪ ಹಸಿರು. ಒಬ್ಬರೋ ಇಬ್ಬರೋ ತಮಗಾಗಿಯೇ ಡಬ್ಬಿ ಕರೆಸಿಕೊಂಡರೆ ಕೆಂಪು. ಕೆಳಗೆ ‘ಈ ಪ್ರಯಾಣದ ಇಂಗಾಲದ ಹೊರೆ ಹೆಚ್ಚು’ ಎಂಬ ಅಕ್ಷರ. ದಂಡವೇನೂ ಇರಲಿಲ್ಲ. ಆದರೆ ನಾಲ್ಕು ಜನರ ಎದುರು ಕೆಂಪು ದೀಪದ ಕೆಳಗೆ ನಿಲ್ಲಲು ಯಾರಿಗೆ ಮನಸ್ಸಾಗುತ್ತದೆ? ಜನ ನೆರೆಹೊರೆಯವರ ಜೊತೆ ಹೊರಡುವುದನ್ನು ಕಲಿತರು. ಡಬ್ಬಿಗಳು ತುಂಬಿದವು, ಹೊಗೆ ಇಳಿಯಿತು. ಪ್ರಣವನ ಹೆಂಡತಿ ಅನ್ವಿತಾ ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್. ಉಬ್ಬಸದ ಮಕ್ಕಳ ವಾರ್ಡಿನಲ್ಲಿ ಮಂಚಗಳು ಖಾಲಿ ಉಳಿಯತೊಡಗಿವೆ ಎಂದು ಅವಳು ಹೇಳಿದ ದಿನ ಪ್ರಣವನಿಗಾದ ಸಂತೋಷ ಅಷ್ಟಿಷ್ಟಲ್ಲ.

ಆ ಬೇಸಿಗೆಯಲ್ಲಿ ಅವನ ಮುಂದೆ ಒಂದು ಸರಳವಾದ ಕೆಲಸವಿತ್ತು. ಊರಂಚಿನ ಬಡಾವಣೆಗಳಲ್ಲಿ ಮಧ್ಯಾಹ್ನದ ಹೊತ್ತು ಕೊಂಡಿಗಾಡಿಯನ್ನು ಯಾರೂ ಕರೆಯುತ್ತಿರಲಿಲ್ಲ. ಅಲ್ಲಿಗೆಂದು ಮೀಸಲಿಟ್ಟ ಡಬ್ಬಿಗಳನ್ನು ತೆಗೆದು ಕಾರ್ಖಾನೆಗಳ ಕಡೆಗೆ ಕೊಡಬೇಕೆಂಬ ಯೋಚನೆ. ಅವನು ವಾಸವಾಗಿದ್ದ ಹೊಂಗೆವನ ಬಡಾವಣೆಯೂ ಅದರಲ್ಲಿ ಸೇರಿತ್ತು.

ನಿಯಂತ್ರಣ ಕೊಠಡಿಯ ಮುಖ್ಯಸ್ಥೆ ರೆಹಾನಾ ನದಾಫ ಮಾತ್ರ ಸಹಿ ಹಾಕುವ ಮೊದಲು ತಡೆದರು. “ಕರೆ ಇಲ್ಲಂದ್ರ ಮಂದಿ ಇಲ್ಲಂತ ಅರ್ಥ ಅಲ್ಲ ಪ್ರಣವ. ಒಮ್ಮೆ ಹೆಜ್ಜಿ ನೋಡು.”

ನಿಲ್ದಾಣದ ನೆಲಕ್ಕೆ ಹಾಕಿದ್ದ ಹಾಸುಗಲ್ಲುಗಳು ಸಾಮಾನ್ಯದವಲ್ಲ. ಕಾಲಿನ ಭಾರ ಬಿದ್ದರೆ ಅವುಗಳಲ್ಲಿ ಒಂದಿಷ್ಟು ವಿದ್ಯುತ್ ಹುಟ್ಟುತ್ತದೆ. ನಿಲ್ದಾಣದ ದೀಪ ಉರಿಯುವುದು ಅದರಿಂದಲೇ. ಆ ಮಿಡಿತಗಳು ಕೊಠಡಿಗೂ ಬರುತ್ತವೆ, ಎಷ್ಟು ಜನ ಕಾಯುತ್ತಿದ್ದಾರೆಂದು ದೊಡ್ಡಾಕಿಗೆ ತಿಳಿಯಲೆಂದು. ಕ್ಯಾಮೆರಾ ಇಲ್ಲ, ಯಾರೆಂದು ಗೊತ್ತಾಗುವುದಿಲ್ಲ, ಹೆಜ್ಜೆ ಮಾತ್ರ.

ಪ್ರಣವ ಹೊಂಗೆವನದ ಮಧ್ಯಾಹ್ನಗಳನ್ನು ಕೇಳಿದ. ‘ಬೇಡಿಕೆ ಶೂನ್ಯ’ ಎಂದಳು ದೊಡ್ಡಾಕಿ. ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದೇನಾದರೂ ಇದೆಯೇ ಎಂದು ಕೇಳಿದ. ‘ಇದೆ. ಗದ್ದಲ’ ಎಂಬ ಉತ್ತರ ಬಂತು.

ಆ ಗದ್ದಲವನ್ನು ತೆರೆದು ಕಿವಿಗೆ ಹಚ್ಚಿಕೊಂಡ. ಮೊದಲು ಏನೂ ಇಲ್ಲ. ಆಮೇಲೆ ಒಂದು ಗಟ್ಟಿ ಹೆಜ್ಜೆ, ಒಂದು ಎಳೆದ ಹೆಜ್ಜೆ, ನಡುವೆ ಕೋಲು ಊರಿದ ಸಣ್ಣ ಸಪ್ಪಳ. ಹೆಜ್ಜೆಗಳು ಬಂದು ಬೆಂಚಿನ ಬಳಿ ನಿಂತವು. ಬಹಳ ಹೊತ್ತು ಮೌನ. ಮತ್ತೆ ಅದೇ ಹೆಜ್ಜೆಗಳು, ಬಂದ ದಾರಿಯಲ್ಲೇ ಹಿಂದಕ್ಕೆ. ಮರುದಿನವೂ ಹಾಗೆಯೇ. ಅದರ ಮರುದಿನವೂ. ಯಾರೋ ದಿನಾ ನಿಲ್ದಾಣಕ್ಕೆ ಬರುತ್ತಿದ್ದರು, ಗುಂಡಿ ಒತ್ತದೆ ಕೂರುತ್ತಿದ್ದರು, ಎಲ್ಲಿಗೂ ಹೋಗದೆ ಮರಳುತ್ತಿದ್ದರು.

ಅಂದು ಸಂಜೆ ಮನೆಯಲ್ಲಿ ಪ್ರಣವ ರೊಟ್ಟಿ ಮುರಿಯುತ್ತಿದ್ದಾಗ ಒಳಕೋಣೆಯಿಂದ ಅತ್ತೆ ನೀರು ತರಲು ಎದ್ದು ಬಂದರು. ಗಟ್ಟಿ ಹೆಜ್ಜೆ, ಎಳೆದ ಹೆಜ್ಜೆ, ಕೋಲು. ಪ್ರಣವನ ಕೈ ತಾಟಿನಲ್ಲೇ ನಿಂತಿತು.

ಅನ್ವಿತಾಳ ತಾಯಿ ಹೇಮಲತಾ ಹಳೇ ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಟೀಚರಾಗಿದ್ದವರು. ಗಂಡ ತೀರಿಕೊಂಡ ಮೇಲೂ ಬಹಳ ವರ್ಷ ಅದೇ ಓಣಿಯ ಬಾಡಿಗೆ ಮನೆಯಲ್ಲಿದ್ದರು. ಆ ಮನೆಯನ್ನು ಕೆಡವಿದಾಗ ಮಗಳ ಮನೆಗೆ ಬಂದರು. ಬಂದವರು ಅತಿಥಿಯಂತೆಯೇ ಉಳಿದರು. ಎಲ್ಲರ ಊಟವಾದ ಮೇಲೆ ತಮ್ಮ ಊಟ. ಫ್ಯಾನು ಹಾಕುವ ಮೊದಲು “ಹಚ್ಚಲೇನ್ರಿ?” ಎಂದು ಅಳಿಯನನ್ನು ಕೇಳುತ್ತಿದ್ದರು. ಕೇಳಬೇಡಿರೆಂದು ಎಷ್ಟು ಹೇಳಿದರೂ ಕೇಳುವುದನ್ನು ಬಿಡಲಿಲ್ಲ.

ಅವರು ಮಲಗಿದ ಮೇಲೆ ಪ್ರಣವ ಹೆಂಡತಿಗೆ ವಿಷಯ ತಿಳಿಸಿದ.

“ಶಾಹೀನ್ ಮೌಶಿ ಕಡೆ ಹೋಗಬೇಕಾಗಿರತೈತಿ ಅಕಿಗೆ,” ಎಂದಳು ಅನ್ವಿತಾ. “ಹಳೇ ಹುಬ್ಬಳ್ಳ್ಯಾಗ ಗ್ವಾಡಿಗೆ ಗ್ವಾಡಿ ಹಚ್ಚಿದ ಮನಿ ಅವರದು. ನನ್ನ ಲಂಗಾ ಎಲ್ಲಾ ಮೌಶಿನ ಹೊಲದು ಕೊಡ್ತಿದ್ದರು. ಹ್ವಾದ ವರ್ಷ ಬಿದ್ದು ಸೊಂಟ ಮುರಕೊಂಡಾರ, ಹಾಸಿಗಿ ಹಿಡದಾರ.”

“ದಿನಾ ಫೋನ್ ಮಾಡ್ತಿದ್ದರಲ್ಲ ಅತ್ತಿ?”

“ಮಾಡ್ತಿದ್ಲು. ಈಗ ಮೌಶಿಗೆ ಕಿವಿ ಪೂರಾ ಹ್ವಾದುವು. ನರಾನ ಒಣಗ್ಯಾವಂತ, ಮಷಿನ್ ಹಾಕಿದ್ರೂ ಉಪಯೋಗ ಇಲ್ಲ. ಕಣ್ಣೂ ಮಂಜು, ಫೋನಿನಾಗಿನ ಮುಖಾ ಕಾಣಂಗಿಲ್ಲ.” ಅವಳು ಒಳಕೋಣೆಯ ಬಾಗಿಲಿನ ಕಡೆ ನೋಡಿದಳು. “ನನಗ ಒಂದ್ ಮಾತು ಹೇಳಿದ್ರ ಕರ್ಕೊಂಡ ಹೋಗ್ತಿದ್ದಿಲ್ಲೇನು ನಾನು?”

ಅನ್ವಿತಾ ಪಾಳಿ ಮುಗಿಸಿ ಬಂದು ಸೋಫಾದಲ್ಲೇ ನಿದ್ದೆ ಹೋಗುವುದನ್ನು ಅತ್ತೆ ದಿನಾ ನೋಡುತ್ತಿದ್ದರು. ಅವರು ಹೇಗೆ ಕೇಳಿಯಾರು?

ಮರುದಿನ ಊಟದ ಹೊತ್ತಿಗೇ ಅವನು ಕೆಲಸದಿಂದ ಹೊರಟ. ಹೊಂಗೆವನದ ನಿಲ್ದಾಣದಲ್ಲಿ ಇಸ್ತ್ರಿ ಮಾಡಿದ ಹತ್ತಿ ಸೀರೆಯುಟ್ಟು, ಮಡಿಲಲ್ಲಿ ಚೀಲ ಇಟ್ಟುಕೊಂಡು ಹೇಮಲತಾ ಕುಳಿತಿದ್ದರು. ಅಳಿಯನನ್ನು ಕಂಡು ಗಡಬಡಿಸಿ ಎದ್ದರು.

“ಅಯ್ಯ, ಇಷ್ಟ ಲಗೂ ಬಂದ್ರಿ? ಆರಾಮ ಅದೀರಿಲ್ಲೊ?”

“ಆರಾಮ ಅದೀನ್ರಿ ಅತ್ತಿ. ನೀವು?”

“ಮನ್ಯಾಗ ಸೆಕಿ ಭಾಳ. ಗಾಳಿಗೆ ಬಂದು ಕುಂತಿದ್ದೆ.”

ಪ್ರಣವ ಬೆಂಚಿನ ಮೇಲೆ ಕುಳಿತ. ಅವರೂ ಕುಳಿತರು. ಬಿಸಿಲಿಗೆ ರಸ್ತೆ ನಿರ್ಜನವಾಗಿತ್ತು. “ಶಾಹೀನ್ ಮೌಶಿ ಮನಿಗೆ ಹೋಗೂಣೇನ್ರಿ?” ಎಂದು ಅವನು ಕೇಳಿದ.

ಹೇಮಲತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತರು.

“ಗುಂಡಿ ಒತ್ತಿದ್ರ ಗಾಡಿ ಬರತಿತ್ತಲ್ರಿ. ಯಾಕ ಒತ್ತಲಿಲ್ಲ?”

“ಒಮ್ಮೆ ಒತ್ತಿದ್ದೆ. ಕೆಂಪು ದೀಪಾ ಹತ್ತಿತು. ಎದುರಿನ ಮನಿ ಹುಡುಗಿ ಬಾಲ್ಕನ್ಯಾಗ ನಿಂತು ನೋಡಾಕತ್ತಿದ್ಲು. ಏನೋ ಕಳವು ಮಾಡಿಧಂಗ ಆತು ನನಗ. ತಿರುಗಿ ಬ್ಯಾಡಂತ ಒತ್ತಿ ಮನಿಗೆ ಹೋದೆ.” ಅವರು ನಕ್ಕಂತೆ ಮಾಡಿದರು. “ಆ ದೀಪಾ ಮಾಡಿದವರು ನೀವು. ಓಣಿ ಮಂದಿಗೆಲ್ಲಾ ಗೊತ್ತು. ನಮ್ಮ ಅಳಿಯಾ ಮಾಡಿದ ನೇಮಾ ನಾನ ಮುರದ್ರ ನಿಮ್ಮ ಮರ್ಯಾದಿ ಏನಾಗಬೇಕು? ಯಾರರ ಕರದ್ರ ಅವರ ಜೋಡಿ ಹತ್ತೂಣಂತ ಬಂದು ಕೂಡ್ತೇನಿ. ಮಧ್ಯಾಹ್ನ ಯಾರೂ ಬರೂದಿಲ್ಲ.”

ಪ್ರಣವ ಎದ್ದು ಗುಂಡಿ ಒತ್ತಿದ. ಇಬ್ಬರೇ ಇದ್ದುದರಿಂದ ದೀಪ ಕೆಂಪಾಯಿತು. ತಾನೇ ಬಣ್ಣ ಆರಿಸಿದ ಆ ದೀಪದ ಕೆಳಗೆ ಅವನು ಇಷ್ಟು ದಿನ ಒಮ್ಮೆಯೂ ನಿಂತಿರಲಿಲ್ಲ. ಡಬ್ಬಿ ಬರುವ ತನಕ ಅವನಿಗೆ ತಲೆ ಎತ್ತಲಾಗಲಿಲ್ಲ.

ದಾರಿಯಲ್ಲಿ ಅತ್ತೆ ಕಿಟಕಿಗೆ ಮುಖ ಹಚ್ಚಿ ಕುಳಿತಿದ್ದರು. ದೊಡ್ಡ ರಸ್ತೆಯಲ್ಲಿ ಮುಂದಿನ ಡಬ್ಬಿಗೆ ಕೊಂಡಿ ಬಿದ್ದು ಮೆತ್ತಗೆ ಜಗ್ಗಿದಾಗ “ಕೂಡಿತೇನ್ರಿ?” ಎಂದು ಹುಡುಗಿಯಂತೆ ಕೇಳಿದರು. ಹಳೇ ಹುಬ್ಬಳ್ಳಿಯ ತಿರುವಿನಲ್ಲಿ ಕೊಂಡಿ ಕಳಚಿ ಡಬ್ಬಿ ಓಣಿಯೊಳಗೆ ಹೊಕ್ಕಿತು. ತಾವಿದ್ದ ಮನೆಯ ಜಾಗದಲ್ಲಿ ಎದ್ದ ಕಟ್ಟಡವನ್ನು ಒಮ್ಮೆ ನೋಡಿ ಬೇರೆ ಕಡೆ ತಿರುಗಿದರು.

ಶಾಹೀನ್ ಕಿಟಕಿಯ ಪಕ್ಕದ ಮಂಚದಲ್ಲಿ ಗೋಡೆಗೆ ಒರಗಿದ್ದರು. ಸೊಸೆ ನಸೀಮಾ ಬಾಗಿಲು ತೆಗೆದು ಬೆರಗಾಗಿ ನಿಂತಳು. ಹೇಮಲತಾ ಸೀದಾ ಹೋಗಿ ಮಂಚದ ಅಂಚಿಗೆ ಕುಳಿತು ಗೆಳತಿಯ ಕೈ ಹಿಡಿದರು. ಶಾಹೀನ್ ಮಂಜುಗಣ್ಣು ಕಿರಿದು ಮಾಡಿ ನೋಡಿದರು. ಬಂದವರ ಬೆರಳುಗಳನ್ನು ಒಂದೊಂದಾಗಿ ಸವರಿದರು.

“ಬಂದ್ಯಾ?” ಎಂದು ಕೂಗಿದರು. ಕಿವಿ ಕೇಳದವರ ಆ ದೊಡ್ಡ ದನಿಗೆ ಓಣಿಯೇ ತಿರುಗಿ ನೋಡಬೇಕು. “ಸತ್ತ ಹೋದಿ ಅಂತ ತಿಳಕೊಂಡಿದ್ದೆ ಹೇಮಿ! ಸತ್ರ ಹೇಳಿ ಹೋಗಬೇಕೊ ಬ್ಯಾಡೊ?”

ಹೇಮಲತಾ ನಕ್ಕರು. ನಗುತ್ತಲೇ ಕಣ್ಣು ತುಂಬಿ ಹರಿಯಿತು. ಆಮೇಲೆ ಟೀಚರಮ್ಮ ಗೆಳತಿಯ ಅಂಗೈ ಬಿಡಿಸಿ, ತೋರುಬೆರಳಿನಿಂದ ಅದರ ಮೇಲೆ ಒಂದೊಂದೇ ಅಕ್ಷರ ಬರೆಯತೊಡಗಿದರು.

“ನಿಧಾನ ಬರಿ, ಕಚಗುಳಿ ಆಗತೈತಿ,” ಎಂದರು ಶಾಹೀನ್. “ಏನು? ಅಳಿಯಾ? ಅಳಿಯಾ ಕರ್ಕೊಂಡು ಬಂದಾನಾ? ಎಲ್ಲೆ ಅದಾನವಾ?” ಪ್ರಣವ ಹತ್ತಿರ ಹೋಗಿ ಬಾಗಿದ. ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ ಬೆರಳು ಅವನ ಕೆನ್ನೆ ಮುಟ್ಟಿತು.

ನಸೀಮಾ ಚಹಾ ಕೊಡುತ್ತ ಮೆಲ್ಲಗೆ ಹೇಳಿದಳು: “ನಾವು ಎಷ್ಟ ಮಾತಾಡಿಸಿದ್ರೂ ಮುಖಾ ತಿರುವಿ ಮಕ್ಕೋತಿದ್ರು ಅಣ್ಣಾ. ಊಟಾನೂ ಅಷ್ಟಕ್ಕಷ್ಟ. ಯಾರರ ದಿನಾ ಬಂದು ಹಿಂಗ ಕೈ ಹಿಡಕೊಂಡು ಕುಂತ್ರ ಸಾಕಾಗಿತ್ತು.”

ಮರಳುವಾಗ ಹೇಮಲತಾ ಕೇಳಿದರು: “ನಾ ಬಂದು ಕೂಡ್ತೇನಂತ ನಿಮ್ಮ ದೊಡ್ಡಾಕಿ ಹೇಳಿದ್ಲೇನ್ರಿ?”

ಸುಳ್ಳು ಹೇಳಲು ಪ್ರಣವನಿಗೆ ಮನಸ್ಸಾಗಲಿಲ್ಲ. “ಅಕಿಗೆ ಹೆಸರು ಗೊತ್ತಿಲ್ರಿ. ಹೆಜ್ಜಿ ಅಷ್ಟ ಗೊತ್ತು. ಅದು ನಿಮ್ಮ ಹೆಜ್ಜಿ ಅಂತ ನನಗ ಮನ್ಯಾಗ ಗೊತ್ತಾತು.”

“ಮನ್ಯಾಗ ಅಷ್ಟ ಸಪ್ಪಳಾ ಮಾಡ್ತೇನೇನ್ರಿ ನಾನು?”

“ಇಲ್ರಿ ಅತ್ತಿ,” ಎಂದ ಪ್ರಣವ. “ಸಪ್ಪಳಾ ಆದ್ರ ಚಲೋ ಅನಸತೈತಿ. ಮನ್ಯಾಗ ಮಂದಿ ಅದಾರಂತ.”

ದಿನಾ ಅತ್ತೆಯನ್ನು ತಾನೇ ಕರೆದೊಯ್ಯುವುದು ಆಗದ ಮಾತು. ಅಳಿಯನ ಕೆಲಸ ಕೆಡಿಸಲು ಅವರೂ ಒಪ್ಪುವವರಲ್ಲ. ಅದಕ್ಕಿಂತ ಹೆಚ್ಚಾಗಿ ಅವನನ್ನು ಕಾಡಿದ್ದು ಬೇರೆ ಪ್ರಶ್ನೆ: ಇಂಥವರು ಊರಲ್ಲಿ ಇನ್ನೆಷ್ಟು ಜನ? ಮರುದಿನ ಬೆಳಿಗ್ಗೆ ಅವನು ದೊಡ್ಡಾಕಿಗೆ ಹೇಳಿದ: ಬಂದು, ಕಾದು, ಹತ್ತದೆ ಮರಳಿದ ಹೆಜ್ಜೆಗಳನ್ನು ಊರಿನಾದ್ಯಂತ ತೋರಿಸು.

ಗೋಡೆಯ ನಕ್ಷೆಯಲ್ಲಿ ಮೊದಲು ಒಂದೆರಡು ಚುಕ್ಕೆ ಮೂಡಿದವು. ಆಮೇಲೆ ಮಳೆಹನಿ ಬಿದ್ದಂತೆ ಎಲ್ಲ ಕಡೆ. ಊರಂಚಿನ ಬಡಾವಣೆಗಳೆಲ್ಲ ತುಂಬಿಹೋದವು. ಹೆಚ್ಚಿನವು ಮಧ್ಯಾಹ್ನದವು. ಎಳೆದ ಹೆಜ್ಜೆಗಳಿದ್ದವು, ಊರುಗೋಲುಗಳಿದ್ದವು, ಮಗುವನ್ನು ಎತ್ತಿಕೊಂಡವರ ಭಾರದ ಹೆಜ್ಜೆಗಳಿದ್ದವು. ರೆಹಾನಾ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

“ಇಷ್ಟ ಮಂದೀನ?”

“ನಾವು ಪ್ರಯಾಣ ಮಾಡಿದವರನ್ನಷ್ಟ ಎಣಿಸಿದ್ವಿ ಮೇಡಮ್. ಬ್ಯಾಡಂತ ತಿರುಗಿ ಹೋದವರನ್ನ ಎಣಿಸಲೇ ಇಲ್ಲ. ದೊಡ್ಡಾಕಿ ನಾವು ಕಲಿಸಿದ್ದನ್ನ ಕಲತಾಳ.”

“ಖರೆ. ಆದ್ರ ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ ಓಡಿಸಿದ್ರ ಊರಿಗೆ ಕೊಟ್ಟ ಇಂಗಾಲದ ಮಿತಿ ದಾಟತೈತಿ. ಮಿತಿ ದಾಟಿದ್ರ ಎಲ್ಲಿಂದ ಕಡಿಮಿ ಮಾಡ್ತಿ? ಕಾರ್ಖಾನಿ ಮಂದೀನ ನಡಸ್ತೀಯೇನು? ತಿರುಗಿ ಆ ಹೊಗಿ ಬಂತಂದ್ರ ಏನಾಗತೈತಿ ಅಂತ ನಿನ್ನ ಹೆಂಡತೀನ್ನ ಕೇಳು.” ರೆಹಾನಾರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವರ ತಮ್ಮ ಉಬ್ಬಸದಿಂದಲೇ ಎಳೆವಯಸ್ಸಿನಲ್ಲಿ ತೀರಿಕೊಂಡಿದ್ದ. “ದಾರಿ ತೋರಿಸು. ನಾ ಬ್ಯಾಡ ಅನ್ನೂದಿಲ್ಲ.”

ಹಲವು ದಿನ ಪ್ರಣವನಿಗೆ ದಾರಿ ಕಾಣಲಿಲ್ಲ. ಒಂದು ಮಧ್ಯಾಹ್ನ ಬುತ್ತಿ ಹಿಡಿದು ಡಿಪೋದ ನೆರಳಿಗೆ ಹೋದ. ಬೆಳಗಿನ ಗದ್ದಲ ಮುಗಿಸಿ ಬಂದ ಡಬ್ಬಿಗಳು ಸಾಲಾಗಿ ನಿಂತಿದ್ದವು. ಮೇಲೆ ಡಿಪೋದ ಚಾವಣಿಯುದ್ದಕ್ಕೂ ಸೂರ್ಯಫಲಕಗಳು. ಡಬ್ಬಿಗಳ ಬ್ಯಾಟರಿ ಆಗಲೇ ತುಂಬಿತ್ತು. ಫಲಕಗಳ ಮಾಪಕದ ಮೇಲೆ ‘ಉತ್ಪಾದನೆ ತಡೆಹಿಡಿಯಲಾಗಿದೆ’ ಎಂದಿತ್ತು. ಉತ್ತರ ಕರ್ನಾಟಕದ ಬಯಲಿನ ತುಂಬ ಹರಡಿದ್ದ ಸೂರ್ಯಫಲಕಗಳಿಂದ ಆ ಹೊತ್ತಿಗೆ ಬೇಕಾದ್ದಕ್ಕಿಂತ ಹೆಚ್ಚು ವಿದ್ಯುತ್ ಬರುತ್ತಿತ್ತು; ಕೊಳ್ಳುವವರಿಲ್ಲದೆ ನಿಲ್ಲಿಸುತ್ತಿದ್ದರು. ಪ್ರಣವ ತುತ್ತು ಬಾಯಿಗಿಡುವುದನ್ನು ಮರೆತ. ಕೆಂಪು ದೀಪ ಇಂಗಾಲವನ್ನು ಲೆಕ್ಕಹಾಕುತ್ತಿದ್ದುದು ಇಡೀ ದಿನದ ಸರಾಸರಿಯಿಂದ. ರಾತ್ರಿಯ ಕಲ್ಲಿದ್ದಲಿನ ವಿದ್ಯುತ್ತನ್ನೂ ಮಧ್ಯಾಹ್ನದ ಬಿಸಿಲನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತಿತ್ತು. ಸುಡುಬಿಸಿಲಿನ ಹೊತ್ತಿನಲ್ಲಿ ಒಬ್ಬ ಮುದುಕಿಯನ್ನು ಹೊತ್ತೊಯ್ಯುವ ಡಬ್ಬಿಯ ಹೊರೆ ಇಲ್ಲವೆನ್ನುವಷ್ಟು ಕಡಿಮೆ.

ಅವನು ಸೂಚಿಸಿದ್ದು ಬಹಳ ಹಳೆಯ ಏರ್ಪಾಡು. ಮಧ್ಯಾಹ್ನದ ಡಬ್ಬಿಗಳು ಡಿಪೋದಲ್ಲಿ ನಿಲ್ಲುವ ಬದಲು ಬಡಾವಣೆಯ ನಿಲ್ದಾಣಗಳಲ್ಲೇ ನಿಲ್ಲಲಿ. ಗೊತ್ತಾದ ಹೊತ್ತಿಗೆ, ಗೊತ್ತಾದ ದಾರಿಯಲ್ಲಿ, ಜನ ಇರಲಿ ಬಿಡಲಿ, ಹೊರಟುಬಿಡಲಿ. ಯಾರೂ ಕರೆಯಬೇಕಿಲ್ಲ, ಎಲ್ಲಿಗೆಂದು ಹೇಳಬೇಕಿಲ್ಲ. ಆ ಹೊತ್ತಿನಲ್ಲಿ ದೀಪವೂ ಉರಿಯುವುದು ಬೇಡ.

ರೆಹಾನಾ ಲೆಕ್ಕವನ್ನು ಎರಡು ಸಲ ತಿರುಗಿಸಿ ನೋಡಿದರು. “ಹೊಂಗೆವನದಾಗ ಬ್ಯಾಸಗಿ ಮುಗಿಯೂ ತನಕ ನೋಡೂಣು. ಮತ್ತ ಇನ್ನೊಂದು ಮಾತು. ಹೆಜ್ಜಿ ಎಣಿಸು, ಯಾರ ಹೆಜ್ಜಿ ಅಂತ ಹುಡುಕಬ್ಯಾಡ. ಎಣಿಸಿದ ಮ್ಯಾಲೆ ಅಳಿಸಿಬಿಡು.” ಪ್ರಣವ ತಲೆಯಾಡಿಸಿದ.

ಮೊದಲ ದಿನ ಹಳೇ ಹುಬ್ಬಳ್ಳಿಗೆ ಹೋಗುವ ಡಬ್ಬಿ ಹತ್ತಿದವರು ಹೇಮಲತಾ ಒಬ್ಬರೇ. ಎರಡನೆಯ ದಿನವೂ ಅಷ್ಟೇ. ಸಂಜೆ ಮನೆಗೆ ಬಂದು “ಮಂದಿ ಬರವಲ್ರಲ್ರಿ, ನಿಮಗ ಮ್ಯಾಲಿನವರು ಏನರ ಅಂದ್ರ?” ಎಂದು ಪೇಚಾಡಿದರು. ಆ ವಾರದ ಕೊನೆಗೆ ಊರುಗೋಲಿನ ಒಬ್ಬ ನಡುವಯಸ್ಕ ಹತ್ತಿದ. ಆಮೇಲೆ ಹಸುಗೂಸಿನ ತಾಯಿಯೊಬ್ಬಳು. ಬಾಣಂತನಕ್ಕೆ ತವರಿಗೆ ಹೋಗಿ ಬಂದ ಮೇಲೆ ಅವಳು ಆ ನಿಲ್ದಾಣ ದಾಟಿ ಎಲ್ಲಿಗೂ ಹೋಗಿರಲಿಲ್ಲ. ದಿನಗಳೆದಂತೆ ಡಬ್ಬಿಯ ಅರ್ಧ ಸೀಟುಗಳು ತುಂಬತೊಡಗಿದವು. ಇವರೆಲ್ಲ ಒಬ್ಬೊಬ್ಬರಾಗಿ ಅದೇ ನಿಲ್ದಾಣಕ್ಕೆ ಬಂದು, ಒಬ್ಬರನ್ನೊಬ್ಬರು ಕಾಣದೆ ಮರಳಿದವರೇ. ಹೇಮಲತಾ ಕೂಸನ್ನು ಎತ್ತಿಕೊಂಡು ಕೂರುತ್ತಿದ್ದರು. ಅದರ ತಾಯಿ ಕಿಟಕಿಗೊರಗಿ ಒಂದು ನಿದ್ದೆ ತೆಗೆಯುತ್ತಿದ್ದಳು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ಮಳೆಗಾಲದಲ್ಲಿ ಮೋಡ ಕವಿದ ದಿನ ಡಬ್ಬಿ ಹೊರಡುತ್ತಿರಲಿಲ್ಲ, ಜನ ಬೈಯುತ್ತಿದ್ದರು. ಆದರೂ ಮಳೆಗಾಲದ ಕೊನೆಗೆ ಇಂಗಾಲದ ಲೆಕ್ಕ ಮಿತಿಯೊಳಗೇ ಉಳಿಯಿತು. ರೆಹಾನಾ ಉಳಿದ ಬಡಾವಣೆಗಳಿಗೂ ಮಧ್ಯಾಹ್ನದ ಡಬ್ಬಿ ಕೊಟ್ಟರು. ಕೆಂಪು ದೀಪ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಪ್ರಣವ ಮೊದಲಿನಿಂದ ಯೋಚಿಸತೊಡಗಿದ.

ಮಳೆ ನಿಂತು ಬಿಸಿಲು ಬಿದ್ದ ಒಂದು ಭಾನುವಾರ ಬೆಳಿಗ್ಗೆಯಿಂದಲೇ ಮನೆಯಲ್ಲಿ ಗಡಿಬಿಡಿ. ಹೇಮಲತಾ ಚುರುಮುರಿ ತೊಳೆಸಿದರು, ಈರುಳ್ಳಿ ಹೆಚ್ಚಿಸಿದರು, ಮಿರ್ಚಿಗೆ ಹಿಟ್ಟು ಕಲಸಿದರು. ಮಗಳಿಗೆ ಒಂದು ಕೆಲಸ ಹೇಳಿ ಅದು ಮುಗಿಯುವುದರೊಳಗೆ ಇನ್ನೊಂದು ಹೇಳಿದರು. ಮಧ್ಯಾಹ್ನ ಡಬ್ಬಿ ನಿಲ್ದಾಣಕ್ಕೆ ಬಂದಾಗ ಅದರಿಂದ ಇಳಿದದ್ದು ಗಾಲಿಕುರ್ಚಿಯಲ್ಲಿ ಕುಳಿತ ಶಾಹೀನ್, ಹಿಂದೆ ನಸೀಮಾ. ಗೆಳತಿಯ ಮಗಳ ಮನೆಯನ್ನು ಶಾಹೀನ್ ನೋಡುತ್ತಿದ್ದುದು ಇದೇ ಮೊದಲು.

“ಎಷ್ಟ ದೂರ ಬಂದು ಕುಂತೀಯೇ ಹೇಮಿ!” ಎಂದು ಬಾಗಿಲಲ್ಲೇ ಕೂಗಿದರು. ಕೈಗೆ ಸಿಕ್ಕಿದ್ದನ್ನೆಲ್ಲ ಮುಟ್ಟಿ ನೋಡಿದರು: ಗೋಡೆ, ಪರದೆ, ಮೇಜು. “ಪರದೆ ಹೊಲದವರು ಯಾರು? ಅಂಚು ಸೊಟ್ಟ ಐತಿ.”

ಹೇಮಲತಾ ಅವರ ಅಂಗೈಯಲ್ಲಿ ಏನೋ ಬರೆದರು. ಇಬ್ಬರೂ ಗೊಳ್ಳೆಂದು ನಕ್ಕರು. ಗಾಲಿಕುರ್ಚಿಯಿಂದ ಶಾಹೀನರನ್ನು ದಿವಾನದ ಮೇಲೆ ಕೂರಿಸುವಾಗ ಅವರು ನೋವಿನಿಂದ ಮುಖ ಕಿವಿಚಿದರು. ಪ್ರಣವ ಏನು ಮಾಡಬೇಕೆಂದು ತಿಳಿಯದೆ ಕೈಕಟ್ಟಿ ನಿಂತಿದ್ದ.

“ಏ ಪ್ರಣವ, ನಿಂತು ನೋಡ್ತೀಯಲ್ಲೋ!” ಎಂದರು ಹೇಮಲತಾ ಗೆಳತಿಯ ಹೆಗಲನ್ನು ಆನಿಸಿ ಹಿಡಿದು. “ಒಳಗಿಂದ ದಿಂಬು ತಾ ಲಗೂನ. ಅಕಿ ಬೆನ್ನಿಗೆ ಇಡು.”

ಅಡುಗೆಮನೆಯ ಬಾಗಿಲಲ್ಲಿ ಅನ್ವಿತಾ ಮಿರ್ಚಿಯ ತಾಟು ಹಿಡಿದು ನಿಂತುಬಿಟ್ಟಳು. ತಾಯಿಗೆ ತಾವು ಏನಂದೆವೆಂಬುದು ಗೊತ್ತಾದಂತಿರಲಿಲ್ಲ. ಅವರ ಗಮನವೆಲ್ಲ ಶಾಹೀನರ ಬೆನ್ನಿನ ಮೇಲಿತ್ತು. ಪ್ರಣವ ಕೋಣೆಗೆ ಓಡಿದ. ಮಂಚದ ಮೇಲಿದ್ದ ದಿಂಬುಗಳನ್ನೆಲ್ಲ ಬಾಚಿ ತಬ್ಬಿಕೊಂಡ.

“ಯಾಕ ಹಂಗ ನಗಾಕತ್ತೀರಿ?” ಎಂದಳು ಅನ್ವಿತಾ ಹಿಂದಿನಿಂದ, ಪಿಸುದನಿಯಲ್ಲಿ.

“ಏನಿಲ್ಲ,” ಎಂದ ಪ್ರಣವ. “ಸರಿ, ದಾರಿ ಬಿಡು. ತಡಾ ಆದ್ರ ಬೈತಾರ.”